ಒಣಮನೆಯಲ್ಲಿ ಮಂಜು

ಒಂಟಿಕೊಪ್ಪಲಿನ ಕುರ್ಚಿಯಲ್ಲಿ ಕೂತುಕೊಂಡೇ ಮಂಡಕಳ್ಳಿಯ ಒಣಮನೆಗೆ ಹೋಗಿ ಬರುವುದನ್ನು ನಾನು ಕಲಿತದ್ದು ದಸರೆಯ ವಾರದಲ್ಲಿ. ಮೊದಲ ದಿನ ಚಪ್ಪಲಿ ಕಳಚಿಟ್ಟೇ ಹೋದೆ.

“ಅಜ್ಜಿ, ನೀವು ಎಲ್ಲಿಗೂ ಹೋಗ್ತಿಲ್ಲ. ಇಲ್ಲೇ ಕೂತಿರ್ತೀರ,” ಎಂದು ರಕ್ಷಿತಾ ನಕ್ಕಳು.

ಇರಬಹುದು. ಆದರೆ ಒಣಮನೆಗೆ ಯಾರೂ ಚಪ್ಪಲಿ ಮೆಟ್ಟಿಕೊಂಡು ಹೋಗುವುದಿಲ್ಲ, ಅದು ಕಣ್ಣಿಗೆ ಮಾತ್ರ ಕಾಣುವ ಒಣಮನೆಯಾದರೂ ಸರಿ. ಕಣ್ಣು ಪೂರ್ತಿ ಮುಚ್ಚುವ ಆ ಕನ್ನಡಕ ಹಾಕಿದ ಕೂಡಲೇ ಎದುರಿಗೆ ಆ ಗಿಡ್ಡ ಬಾಗಿಲು ಬಂತು. ನಾನು ತಲೆ ಬಗ್ಗಿಸಿದೆ. ರಕ್ಷಿತಾ ಇನ್ನೂ ಜೋರಾಗಿ ನಕ್ಕಳು.

ನಮ್ಮದು ಹೆಂಗಸರ ಸಂಘ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಮಾಡುತ್ತೇವೆ. ಕಲಸುವುದು, ಒತ್ತುವುದು, ಒಣಗಿಸುವುದೆಲ್ಲ ಮಂಡಕಳ್ಳಿಯಲ್ಲಿ. ಪ್ಯಾಕ್ ಮಾಡಿ ಮಾರುವುದು ಒಂಟಿಕೊಪ್ಪಲಿನ ಬಾಡಿಗೆ ಕೋಣೆಯಲ್ಲಿ. ಬಿಸಿಲು ಒಳಗೆ ಬಂದು ಕಾಗೆ, ಧೂಳು ಮಾತ್ರ ಬಾರದ ಹಾಗೆ ಪಾರದರ್ಶಕ ಹಾಳೆ ಹೊದಿಸಿದ ಉದ್ದನೆಯ ಚಪ್ಪರವೊಂದು ಅಲ್ಲಿದೆ. ಸಾಲು ಸಾಲು ಜಾಲರಿ ತಟ್ಟೆಗಳು, ಹಬೆ ಹೊರಗೆ ತಳ್ಳಲು ಫ್ಯಾನುಗಳು. ಅದೇ ನಮ್ಮ ಒಣಮನೆ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಯಾವಾಗ ಮಗುಚಬೇಕು, ಯಾವಾಗ ತೆಗೆಯಬೇಕು, ಯಾವ ಫ್ಯಾನು ಎಷ್ಟು ಹೊತ್ತು ಓಡಬೇಕು ಎಂಬುದನ್ನೆಲ್ಲ ನಾನೇ ಹೇಳಬೇಕು.

ಈ ವರ್ಷ ಮಂಡಿ ಕೈಕೊಟ್ಟಿತು. ಎರಡು ಬಸ್ಸು ಬದಲಿಸಿ ದಿನಾ ಮಂಡಕಳ್ಳಿಗೆ ಹೋಗುವ ಮಾತೇ ಬೇಡ ಎಂದರು ಡಾಕ್ಟರು. ಸಂಘದ ಅಧ್ಯಕ್ಷೆ ನೀಲಮ್ಮನವರು ನನ್ನ ಪಕ್ಕ ಕೂತು, ಒಳ್ಳೆಯ ಮನಸ್ಸಿನಿಂದಲೇ, “ವಸಂತಕ್ಕ, ಮಾಡಿದ್ದು ಸಾಕು. ಹಬ್ಬ ಕಳೀಲಿ, ಬೇರೆ ಯಾರನ್ನಾದ್ರೂ ಇಟ್ಕೋತೀವಿ. ನೀವು ಮನೇಲಿ ಆರಾಮಾಗಿರಿ,” ಎಂದರು. ಆರಾಮ ಎಂಬ ಮಾತು ಕೇಳಿಯೇ ನನಗೆ ಭಯವಾಯಿತು. ನಮ್ಮ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಗೋಡೆ ಗಡಿಯಾರ ಬಿಟ್ಟರೆ ಮಾತಾಡುವವರು ಯಾರೂ ಇಲ್ಲ.

ಆಗ ಬಂದವಳು ರಕ್ಷಿತಾ. ಸರಸ್ವತಿಪುರಂನ ಹುಡುಗಿ. ಇಂಜಿನಿಯರಿಂಗ್ ಓದಿ, ಗೆಳತಿಯರ ಜೊತೆ ಸೇರಿ ಒಂದು ಚಿಕ್ಕ ಕಂಪನಿ ಮಾಡಿಕೊಂಡಿದ್ದಾಳೆ. ಒಣಮನೆಯ ತುಂಬ ಬೆಂಕಿಪೊಟ್ಟಣದಂಥ ಬಿಳಿ ಸೆನ್ಸರ್‌ಗಳನ್ನು ಅಂಟಿಸಿದಳು. ಅವು ಅಲ್ಲಿಯ ಬಿಸಿ, ತೇವ ಎಲ್ಲವನ್ನೂ ಅಳೆದು ಕಳಿಸುತ್ತವೆ. ಇಲ್ಲಿ ಆ ದೊಡ್ಡ ಕನ್ನಡಕ ಹಾಕಿಕೊಂಡರೆ ಒಣಮನೆಯೇ ಸುತ್ತ ನಿಲ್ಲುತ್ತದೆ. ಬಿಸಿ ಹೆಚ್ಚಿದ ಕಡೆ ಕೆಂಪು, ತೇವ ಇರುವ ಕಡೆ ಮಂಜು. ಫ್ಯಾನಿನ ಪಕ್ಕ ಒಂದೊಂದು ಹಗ್ಗ ತೂಗುತ್ತಿರುತ್ತದೆ. ಕೈಯಲ್ಲಿ ಹಿಡಿದ ರಿಮೋಟಿನ ಗುಂಡಿ ಒತ್ತಿ ಆ ಹಗ್ಗ ಎಳೆದರೆ ಮಂಡಕಳ್ಳಿಯಲ್ಲಿ ನಿಜವಾದ ಫ್ಯಾನು ತಿರುಗುತ್ತದೆ. ನಾನು ಹೀಗೆ ಹೇಳಿದರೆ ನೀವು ನಂಬದಿರಬಹುದು. ನಾನೂ ನಂಬಿರಲಿಲ್ಲ, ಕಾವಲುಗಾರ ಚಾಮಯ್ಯ ಅಲ್ಲಿಂದ ಫೋನು ಮಾಡಿ, “ಅವ್ವಾ, ಫ್ಯಾನು ತಾನೇ ತಿರುಗ್ತಾ ಅದೆ, ಯಾರೂ ಇಲ್ಲ ಕಣವ್ವಾ!” ಎಂದು ಕೂಗುವವರೆಗೆ.

ಒಂದು ವಾರ ನೋಡಿ, ಆಯುಧಪೂಜೆಯ ದಿನ ಎಲ್ಲರೂ ಸೇರಿದಾಗ ತೀರ್ಮಾನ ಮಾಡುವುದೆಂದು ಮಾತಾಯಿತು. ಒಪ್ಪಿದರೆ ಕನ್ನಡಕ ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಇಲ್ಲವಾದರೆ ಅದು ಡಬ್ಬಿಗೆ, ನಾನು ಗಡಿಯಾರದ ಕೆಳಗೆ. ಆ ವಾರವಿಡೀ ನೀಲಮ್ಮನವರು ಮಾತ್ರ ಒಂದು ಸಲವೂ ಅದನ್ನು ಹಾಕಿಕೊಳ್ಳಲಿಲ್ಲ. “ನಂಗೆ ತಲೆ ಸುತ್ತುತ್ತೆ, ಬೇಡ,” ಎನ್ನುತ್ತಿದ್ದರು. ಹಾಕಿಕೊಳ್ಳದೆಯೇ ಹೇಗೆ ಸುತ್ತಿತೋ!

ಪೂಜೆಯ ದಿನ ಕೋಣೆಯ ತುಂಬ ಹೆಂಗಸರು, ಸೇವಂತಿಗೆ, ಬಾಳೆಕಂದು. ತೂಕದ ಯಂತ್ರ, ಪ್ಯಾಕೆಟ್ಟಿನ ಬಾಯಿ ಅಂಟಿಸುವ ಯಂತ್ರ, ಕತ್ತರಿ, ಈಳಿಗೆಮಣೆ ಎಲ್ಲವೂ ದೇವರ ಪಟದ ಮುಂದೆ ಸಾಲಾಗಿ ಕೂತಿದ್ದವು. ಕೊನೆಯಲ್ಲಿ ಕನ್ನಡಕ. ನೀಲಮ್ಮನವರು ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳು ಸೇರಿಸಿ, ಕನ್ನಡಕದ ಹಣೆಯ ಮೇಲೆ ಈ ಕಡೆಯಿಂದ ಆ ಕಡೆಗೆ ದಪ್ಪಗೆ ಎಳೆದರು. ನಡುವೆ ಕುಂಕುಮ. ಥೇಟ್ ಒಂದು ಕಪ್ಪು ನಂದಿಯ ಮುಖದ ಹಾಗೆ ಕಂಡಿತು.

ಮಂಗಳಾರತಿ ಆಯಿತು. ರಕ್ಷಿತಾ ಕನ್ನಡಕ ಎತ್ತಿಕೊಳ್ಳಲು ಕೈ ಚಾಚಿದಳು.

“ಏಯ್, ಏಯ್! ಪೂಜೆಗಿಟ್ಟ ಸಾಮಾನು ಇವತ್ತು ಮುಟ್ಟೋ ಹಾಗಿಲ್ಲ ಕಣಮ್ಮ. ಇವತ್ತು ಅದಕ್ಕೆ ರಜ,” ಎಂದರು ನೀಲಮ್ಮ.

“ಆಂಟಿ, ಇವತ್ತೇ ತೀರ್ಮಾನ ಅಂದಿದ್ರಿ. ಎಲ್ಲಾರೂ ಟಿ.ವೀಲಿ ನೋಡ್ಬೇಡ್ವಾ? ಅಜ್ಜಿ ಏನು ನೋಡ್ತಾರೋ ಅದೇ ಇಲ್ಲೂ ಕಾಣುತ್ತೆ.”

“ನಾಳೆ ನೋಡೋಣ.”

“ಮಂಡಕಳ್ಳೀಲಿ ಬಾಳಕ ಒಣಗ್ತಾ ಇದೆ ನೀಲಮ್ಮೋರೆ,” ಎಂದೆ ನಾನು ಮೆಲ್ಲಗೆ. “ಅದಕ್ಕೆ ರಜ ಗೊತ್ತಿಲ್ವಲ್ಲ.”

ಹೆಂಗಸರೆಲ್ಲ ನೋಡಬೇಕು, ನೋಡಬೇಕು ಎಂದು ಗಲಾಟೆ ಎಬ್ಬಿಸಿದರು. ನೀಲಮ್ಮನವರು ಕನ್ನಡಕಕ್ಕೆ ಕೈಮುಗಿದು, ತಪ್ಪಾಯ್ತಪ್ಪ ಎಂದು ಗಲ್ಲ ತಟ್ಟಿಕೊಂಡು ಒಪ್ಪಿದರು. ರಕ್ಷಿತಾ ಅದರ ಮುಂಭಾಗ ಒರೆಸಲು ಬಟ್ಟೆ ತೆಗೆದಳು.

“ವಿಭೂತಿ ಒರೆಸ್ತಾರೇನೇ ಹುಡುಗಿ?”

“ಮುಂದೆ ಕ್ಯಾಮೆರಾ ಇದೆ ಆಂಟಿ. ನಾವು ಎಲ್ಲಿದ್ದೀವಿ ಅಂತ ಅದು ನೋಡ್ಕೊಳ್ಳೋದು ಅದ್ರಲ್ಲೇ.”

“ನೋಡ್ಕೊಳ್ಳಲಿ. ವಿಭೂತಿ ಹಚ್ಕೊಂಡೇ ನೋಡ್ಕೊಳ್ಳಲಿ. ನಾವು ನೋಡಲ್ವಾ?”

ರಕ್ಷಿತಾ ನನ್ನ ಮುಖ ನೋಡಿದಳು. ನಾನು ಚಪ್ಪಲಿ ಇದೆಯೇ ಎಂದು ಕಾಲು ನೋಡಿಕೊಂಡೆ. ಕನ್ನಡಕ ತಲೆಗೇರಿತು.

ಬಾಗಿಲು ಬಂತು. ಬಗ್ಗಿದೆ. ಒಳಗೆ ಹೋದೆ. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಒಣಮನೆಯ ನೆಲ ನನ್ನ ಕಾಲ ಕೆಳಗಿಂದ ಮೆಲ್ಲಗೆ ಇಳಿಯತೊಡಗಿತು. ಇಲ್ಲ, ನಾನೇ ಏರುತ್ತಿದ್ದೆ! ಕ್ಯಾಮೆರಾಕ್ಕೆ ವಿಭೂತಿ ಮೆತ್ತಿದ್ದ ಕನ್ನಡಕಕ್ಕೆ ನಾನೆಲ್ಲಿದ್ದೇನೆಂದೇ ತಿಳಿಯುತ್ತಿರಲಿಲ್ಲ. ತಟ್ಟೆಗಳು ಚಿಕ್ಕದಾದವು. ನಾನು ಚಪ್ಪರದ ಹಾಳೆಗೆ ತಲೆ ತಾಗಿಸಿ, ಅದನ್ನು ದಾಟಿ, ಗಾಳಿಪಟದ ಹಾಗೆ ಮೇಲೆ ನಿಂತುಬಿಟ್ಟೆ.

“ಅಯ್ಯೋ! ನಾನು ಸೂರಿನ ಮೇಲಿದ್ದೀನಿ ಕಣ್ರೇ!”

ಟಿ.ವಿ.ಯಲ್ಲಿ ಅದೇ ಕಾಣುತ್ತಿತ್ತಲ್ಲ, ಕೋಣೆಯಲ್ಲಿ ನಗುವೋ ನಗು. “ಅಕ್ಕಾ, ಇನ್ನೊಂಚೂರು ಮೇಲೆ ಹೋಗಿ, ಪಕ್ಕದ ಏರ್‌ಪೋರ್ಟು ಕಾಣುತ್ತಾ ನೋಡಿ!” ಎಂದು ಯಾರೋ ಕೂಗಿದರು. ನನಗೂ ನಗು ತಡೆಯಲಾಗಲಿಲ್ಲ. ಎಷ್ಟೋ ತಿಂಗಳಿಂದ ಮೆಟ್ಟಿಲೊಂದನ್ನು ಹತ್ತಲು ಗೋಡೆ ಹಿಡಿಯುವವಳು ನಾನು. ಈಗ ನೋಡಿದರೆ ಬಲಕ್ಕೆ ವಾಲಿದರೆ ಬಲಕ್ಕೆ ತೇಲುತ್ತೇನೆ, ಎಡಕ್ಕೆ ವಾಲಿದರೆ ಎಡಕ್ಕೆ. ಜೋಕಾಲಿ ಆಡಿದ ಹಾಗೆ. ಹೇಗೋ ಕೈಯಾಡಿಸಿ ಮತ್ತೆ ಹಾಳೆಯೊಳಕ್ಕೆ ಇಳಿದೆ.

ಆಗ ಬಾಗಿಲ ಪಕ್ಕದ ಮೊದಲ ತಟ್ಟೆಯ ಮೇಲೆ ಮಂಜು ಎದ್ದಿತು. ದಟ್ಟನೆಯ ಮಂಜು. ಅದರ ಹಿಂದೆಯೇ ಎರಡನೆಯದರ ಮೇಲೆ. ಆಮೇಲೆ ಮೂರನೆಯದು. ಯಾರೋ ಒಂದು ತುದಿಯಿಂದ ಬಿಳಿ ಕಂಬಳಿ ಹೊದಿಸುತ್ತ ಬರುತ್ತಿರುವಂತೆ ಸಾಲು ಸಾಲಾಗಿ ಒಣಮನೆ ಮುಚ್ಚಿಹೋಗುತ್ತಿತ್ತು. ಅದರ ನಡುವೆ ಅಲ್ಲೊಂದು ಇಲ್ಲೊಂದು ಕೆಂಪು ಭಗ್ಗೆಂದು ಹತ್ತಿ ಆರುತ್ತಿತ್ತು.

ನಗು ನಿಂತಿತು.

“ಮಳೆ ಒಳಗೆ ನುಗ್ತಾ?” ಎಂದರು ನೀಲಮ್ಮ.

“ಕೆಂಪು ಯಾಕೆ? ಮಳೇಲಿ ಬೆಂಕಿ ಬರುತ್ತಾ?” ರಕ್ಷಿತಾಳ ದನಿ ಸಣ್ಣದಾಗಿತ್ತು. “ವೈರಿಂಗ್ ಸುಟ್ಟಿರ್ಬಹುದು ಆಂಟಿ.”

ಚಾಮಯ್ಯನಿಗೆ ಫೋನು ಮಾಡಿದರು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದರು, ಎತ್ತಲಿಲ್ಲ. ಹಬ್ಬಕ್ಕೆ ಎಲ್ಲರೂ ಇಲ್ಲಿ, ಅಲ್ಲಿ ಅವನೊಬ್ಬನೇ. ನಾನು ಕೈಗೆ ಸಿಕ್ಕಿದ ಹಗ್ಗಗಳನ್ನೆಲ್ಲ ಎಳೆದೆ. ಫ್ಯಾನುಗಳು ಪೂರ್ತಿ ಜೋರಿಗೆ ತಿರುಗಿದವು. ಮಂಜು ಕರಗಲಿಲ್ಲ.

“ಏಳಿ, ಹೋಗೋಣ,” ಎಂದರು ನೀಲಮ್ಮ.

ನಮ್ಮ ಸರಕು ಸಾಗಿಸುವ ಸುನಿಲನ ಆಟೋ ಹೊರಗೆ ಮದುಮಗನ ಹಾಗೆ ನಿಂತಿತ್ತು. ಎರಡು ಕಡೆ ಬಾಳೆಕಂದು, ಗಾಜಿನ ತುಂಬ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು.

“ನೀಲಮ್ಮೋರೆ, ಇದೂ ಪೂಜೆಗಿಟ್ಟಿರೋದೇ. ಇವತ್ತು ಓಡ್ಸಂಗಿಲ್ಲ ಅಂತ ನೀವೇ ಏಳಿದ್ರಿ,” ಎಂದ ಸುನಿಲ. ಅವನ ಬಾಯಲ್ಲಿ ಕಡಲೆಪುರಿ ಇತ್ತು.

“ಸುಮ್ನೆ ಹತ್ತೋ! ನಿಂಬೆಹಣ್ಣು ತುಳಿದುಬಿಟ್ರೆ ಓಡಿಸ್ಬಹುದು.”

ಪಟ್ ಪಟ್ ಎಂದು ನಿಂಬೆಹಣ್ಣು ಒಡೆದು ಹೊರಟೆವು. ನಡುವೆ ನಾನು, ಈಚೆ ನೀಲಮ್ಮ, ಆಚೆ ರಕ್ಷಿತಾ. ಅವಳ ಫೋನಿನಿಂದ ಕನ್ನಡಕಕ್ಕೆ ಇಂಟರ್ನೆಟ್ಟು. ಕನ್ನಡಕ ನನ್ನ ತಲೆಯ ಮೇಲೆಯೇ ಇತ್ತು. ಒಣಮನೆಯನ್ನು ಯಾರಾದರೂ ನೋಡುತ್ತಿರಬೇಕಲ್ಲ.

ಆ ಪ್ರಯಾಣವನ್ನು ಹೇಗೆ ಹೇಳುವುದು! ಆಟೋ ಬಲಕ್ಕೆ ತಿರುಗಿದರೆ ಇಡೀ ಒಣಮನೆ ನನ್ನ ಸುತ್ತ ಗಿರ್ರೆಂದು ಎಡಕ್ಕೆ ತಿರುಗುತ್ತಿತ್ತು. ಹಂಪ್ ಬಂದರೆ ನಾನು ಚಪ್ಪರದ ಮೇಲೆ, ಇಳಿದರೆ ತಟ್ಟೆಗಳ ಕೆಳಗೆ. ಬ್ರೇಕ್ ಹಾಕಿದರೆ ಹಪ್ಪಳದ ಸಾಲುಗಳ ನಡುವಿನಿಂದ ಬಾಣದ ಹಾಗೆ ತೂರಿ ಗೋಡೆಯಾಚೆ. ಭಯವೂ ಆಗುತ್ತಿತ್ತು, ನಗುವೂ ಬರುತ್ತಿತ್ತು. ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿತು.

“ಏನು ಕಾಣ್ತಿದೆ ವಸಂತಕ್ಕ?”

“ಮಂ... ಜು.”

“ಬೆಂಕಿ?”

“ಒಂದು ಕಡೆ... ಹತ್ತಿದೆ. ಹಗ್ಗ ಎಳೀತೀನಿ ತಾಳಿ. ಹಾಂ, ಆರಿತು.”

ಹೊರಗೆ ಊರೆಲ್ಲ ದಸರೆಯ ಜನ. ಒಂದು ಸರ್ಕಲ್ಲಿನಲ್ಲಿ ಆಟೋ ನಿಂತಿತು. ಸುತ್ತ ಸದ್ದು ಎದ್ದಿತು. “ನೋಡೇ, ನೋಡೇ, ಸ್ತಬ್ಧಚಿತ್ರ!” ಎಂದಿತು ಒಂದು ಮಗುವಿನ ದನಿ. ಹೂವಿನ ಆಟೋದೊಳಗೆ ವಿಭೂತಿ ಹಚ್ಚಿದ ಕಪ್ಪು ಮುಖದ ಮುದುಕಿ, ಗಾಳಿಯಲ್ಲಿ ಕಾಣದ ಹಗ್ಗ ಎಳೆಯುತ್ತಿದ್ದಾಳೆ. ಇನ್ನೇನು ಅನ್ನಿಸಬೇಕು ಪಾಪ. ಯಾರೋ ನನ್ನ ಮಡಿಲಿಗೆ ಹೂವು ಎಸೆದರು.

“ಅಜ್ಜಿ, ಕೈ ಬೀಸಿ,” ಎಂದು ರಕ್ಷಿತಾ ಪಿಸುಗುಟ್ಟಿದಳು. ಬೀಸಿದೆ. ಜನ ಚಪ್ಪಾಳೆ ತಟ್ಟಿದರು. ಪೊಲೀಸಿನವರೇ ದಾರಿ ಬಿಡಿಸಿಕೊಟ್ಟರಂತೆ. ಸುನಿಲ ಹಾರ್ನು ಬಾರಿಸುತ್ತ, “ದಾರಿ ಬುಡ್ರಪ್ಪ, ಮೆರವಣಿಗೆ!” ಎಂದು ಕೂಗುತ್ತ ನಂಜನಗೂಡು ರಸ್ತೆಗೆ ಬಿದ್ದ.

ಮಂಡಕಳ್ಳಿ ಮುಟ್ಟಿದಾಗ ಹೊಗೆಯೂ ಇರಲಿಲ್ಲ, ಮಳೆಯೂ ಇರಲಿಲ್ಲ. ಹೊರಗೆ ಚೊಕ್ಕ ಬಿಸಿಲು. ಕನ್ನಡಕ ತೆಗೆದು, ರಕ್ಷಿತಾಳ ಹೆಗಲು ಹಿಡಿದು ಒಣಮನೆಗೆ ಹೋದೆ. ಒಳಗೆ ಫ್ಯಾನುಗಳೆಲ್ಲ ಭೋರ್ಗರೆಯುತ್ತಿದ್ದವು. ನಡುದಾರಿಯಲ್ಲಿ ಚಾಮಯ್ಯ ಉದ್ದಕ್ಕೆ ಅಡ್ಡಬಿದ್ದಿದ್ದ. ತಲೆಯಿಂದ ಕಾಲಿನವರೆಗೆ ಅರ್ಧ ಕೆಂಪು, ಅರ್ಧ ಬಿಳಿ.

“ಚಾಮಯ್ಯ! ಏನಾಯ್ತೋ?” ನೀಲಮ್ಮ ಓಡಿದರು.

ಅವನು ತಲೆಯೆತ್ತಿದ. ಕಣ್ಣು ಮಾತ್ರ ಕಂಡವು. “ಅವ್ವ ಬಂದ್ಬುಟ್ಲು ಕಣ್ರವ್ವಾ! ಕರ್ಪೂರ ಅಚ್ತೀನಿ, ಭರ್ ಅಂತ ಗಾಳಿ ಬತ್ತದೆ. ಆರೋಯ್ತದೆ. ಮತ್ತೆ ಅಚ್ತೀನಿ, ಮತ್ತೆ ಬತ್ತದೆ! ಕುಂಕುಮದ ತಟ್ಟೇನೇ ಮಖಕ್ಕೆ ಒಡೀತು. ನನ್ ಪೂಜೆಗೆ ಎಂಗೆ ಒಲಿದ್ಲು ನೋಡಿ!”

ನಾನು ರಕ್ಷಿತಾಳ ಹೆಗಲಿಗೆ ಮುಖ ಒತ್ತಿಕೊಂಡೆ. ಅವಳ ಹೆಗಲು ಕುಲುಕುತ್ತಿತ್ತು.

“ಯಾವ ಪೂಜೆ?” ಎಂದರು ನೀಲಮ್ಮ.

“ನೀವೇ ತಾನೆ ಬೆಳಗ್ಗೆ ಫೋನಲ್ಲಿ ಏಳಿದ್ದು? ಅಲ್ಲಿರೋ ಒಂದು ಮಿಶಿನ್ನೂ ಬುಡಬೇಡ, ಎಲ್ಲದಕ್ಕೂ ಗಂಧ ವಿಭೂತಿ ಅಚ್ಚು ಅಂತ. ಅಚ್ಚಿವ್ನಿ. ಒಂದೂ ಬುಟ್ಟಿಲ್ಲ.”

ನಿಜ. ಪ್ರತಿಯೊಂದು ಸೆನ್ಸರ್‌ ಮೇಲೂ ತೇಯ್ದ ಗಂಧ ಗಟ್ಟಿಯಾಗಿ ಮೆತ್ತಿತ್ತು. ಅದರ ಮೇಲೆ ವಿಭೂತಿ, ಕುಂಕುಮ, ಒಂದೊಂದು ಹೂವು. ಒದ್ದೆ ಗಂಧದ ತೇವವನ್ನೇ ಅವು ಮಂಜೆಂದು ನನಗೆ ತೋರಿಸಿದ್ದವು. ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಎತ್ತಿದ ಕರ್ಪೂರದಾರತಿಯೇ ಆ ಬೆಂಕಿ.

“ಫೋನು ಯಾಕೆ ಎತ್ತಲಿಲ್ಲ?”

“ಅದುನ್ನೂ ಪೂಜೆಗಿಟ್ಟಿವ್ನಿ. ನಾಳೆ ಎತ್ಕೋತೀನಿ.”

ನಗುವವರೆಲ್ಲ ನಕ್ಕೆವು. ನೀಲಮ್ಮನವರು ನಗಲಿಲ್ಲ. ಮೇಲೆ ಮುಚ್ಚಿದ್ದ ಬಲೆಯಿಂದಾಗಿ ತಟ್ಟೆಗಳ ಸಂಡಿಗೆ ಉಳಿದಿತ್ತು. ಬಾಗಿಲ ಬಳಿಯ ಒಂದೆರಡು ತಟ್ಟೆ ಮಾತ್ರ ಕುಂಕುಮ ಹಾರಿ ಗುಲಾಬಿಯಾಗಿದ್ದವು. ಅದನ್ನೊಮ್ಮೆ ನೋಡಿ ಅವರು ಸೆರಗು ಬಿಗಿದುಕೊಂಡರು.

“ಒಂದು ಚೂರು ಗಂಧ ಹಚ್ಚಿದ್ರೆ ಬೆಂಕಿ ಬಿತ್ತು ಅನ್ನೋ ಯಂತ್ರ ನಮಗೆ ಬೇಡ. ಊರೆಲ್ಲ ಮೆರವಣಿಗೆ ಬಂದಹಾಗಾಯ್ತು. ರಕ್ಷಿತಾ, ನಿನ್ನ ಸಾಮಾನು ನಾಳೆ ತೊಗೊಂಡು ಹೋಗಮ್ಮ. ವಸಂತಕ್ಕ, ಬೇಜಾರು ಮಾಡ್ಕೋಬೇಡಿ.”

ರಕ್ಷಿತಾ ಕನ್ನಡಕವನ್ನು ಎದೆಗೆ ಅವುಚಿಕೊಂಡು ನಿಂತಳು. ನನ್ನ ಬಿಕ್ಕಳಿಕೆ ಅಲ್ಲಿಗೆ ನಿಂತುಹೋಯಿತು. ಎಷ್ಟೋ ದಿನದ ಮೇಲೆ ಒಣಮನೆಗೆ ಬಂದಿದ್ದೆ. ಮಜ್ಜಿಗೆಯಲ್ಲಿ ನೆನೆದ ಮೆಣಸಿನಕಾಯಿಯ ಹುಳಿಖಾರದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಇದೇ ಕೊನೆಯೇ ಎಂದು ಒಂದು ಗಳಿಗೆ ಕಣ್ಣು ತುಂಬಿತು. ವಾದ ಮಾಡುವುದು ನನಗೆ ಬಾರದು. ಕಾಯುವುದು ಬರುತ್ತದೆ. ಅವರ ಉಸಿರು ತಹಬಂದಿಗೆ ಬರಲಿ ಎಂದು ಕಾದೆ.

“ಕಳಿಸೋದೇನೋ ಕಳಿಸಿ ನೀಲಮ್ಮೋರೆ. ಅದಕ್ಕೆ ಮುಂಚೆ ಒಂದ್ಸಲ ನೀವು ಹಾಕ್ಕೊಂಡು ನೋಡಿ. ನೋಡದೇ ಕಳಿಸಿದ್ರು ಅಂತ ಆಮೇಲೆ ಯಾರೂ ಅನ್ನಬಾರದು.”

“ನಂಗೆ ತಲೆ...”

“ಕುರ್ಚಿ ಹಾಕಿಸ್ತೀನಿ. ನಾನು ಕೈ ಹಿಡ್ಕೊಂಡಿರ್ತೀನಿ.”

ಚಾಮಯ್ಯ ಕುರ್ಚಿ ತಂದ. ರಕ್ಷಿತಾ ಈ ಸಲ ಯಾರನ್ನೂ ಕೇಳದೆ ಕನ್ನಡಕದ ಮುಖ ಒರೆಸಿದಳು. ನೀಲಮ್ಮನವರು ಕಣ್ಣು ಮುಚ್ಚಿಕೊಂಡೇ ಹಾಕಿಸಿಕೊಂಡರು. ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆ ಒತ್ತಿತು.

“ಶಿವ ಶಿವಾ! ಏನೂ ಕಾಣ್ತಿಲ್ಲ. ಬರೀ ಮಂಜು.”

“ಅದೇ ಗಂಧ ಆಂಟಿ. ಚಾಮಯ್ಯ, ಆ ಮೊದಲನೇದು ಒರೆಸಿ.”

ಚಾಮಯ್ಯ ಅವ್ವನ ಕ್ಷಮೆ ಕೇಳಿ ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಲ್ಲಿ ಒತ್ತಿದ. ನೀಲಮ್ಮನವರ ಬಾಯಿ ತೆರೆಯಿತು. “ಹೋಯ್ತು! ಅಲ್ಲಿ ಹೋಯ್ತು ಕಣ್ರೀ! ತಟ್ಟೆ ಕಾಣ್ತು!” ಇನ್ನೊಂದು ಒರೆಸಿದ. “ಇದೂ ಹೋಯ್ತು!” ಅವರ ಹಿಡಿತ ಸಡಿಲವಾಯಿತು. ಮೂರನೆಯದಕ್ಕೆ ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಅಜ್ಜಿಯರು ಮೊಮ್ಮಕ್ಕಳಿಗೆ ಗುಬ್ಬಿ ತೋರಿಸುವ ಹಾಗೆ ಬೆರಳು ಚಾಚಿ ಚಾಚಿ, “ಚಾಮಯ್ಯ, ಅಲ್ಲಿ! ಏ, ಆ ಕಡೆ ಅಲ್ಲ, ಈ ಕಡೆ! ಹಾಂ, ಒರೆಸು! ಬಿಡಬೇಡ!” ಎಂದು ಕುಣಿಯತೊಡಗಿದರು. ನಿಜವಾಗಿ ಕುಣಿದರು. ಸುನಿಲ ಬಾಗಿಲಲ್ಲಿ ನಿಂತು ಫೋನಿನಲ್ಲಿ ಅದನ್ನು ಹಿಡಿಯುತ್ತಿದ್ದುದು ಅವರಿಗೆ ಕಾಣಲಿಲ್ಲ.

ಎಲ್ಲ ಒರೆಸಿ ಮುಗಿಯಿತು.

“ಹಿಂದಿನ ಮೂಲೇಲಿ ಇನ್ನೂ ಇದೆಯಲ್ಲೋ,” ಎಂದರು.

“ಒರೆಸಿವ್ನಿ ಅವ್ವ.”

“ಇನ್ನೊಂದ್ಸಲ ಒರೆಸು. ಇಲ್ಲ, ಹೋಗ್ತಿಲ್ಲ. ನಿನ್ನ ಗಂಧ ಅಷ್ಟು ಗಟ್ಟಿಯೇನೋ?”

ರಕ್ಷಿತಾ ಹೋಗಿ ಸೆನ್ಸರ್‌ ನೋಡಿದಳು. ಚೊಕ್ಕವಾಗಿತ್ತು. ಹಾಗಾದರೆ ಮಂಜು ಎಲ್ಲಿಯದು? ನಾನು ಮೆಲ್ಲಗೆ ಆ ಮೂಲೆಗೆ ನಡೆದು ತಟ್ಟೆಯ ಬಾಳಕಕ್ಕೆ ಕೈಯಿಟ್ಟೆ. ಮೆತ್ತಗೆ, ಜಿನುಜಿನುಗು. ಮೇಲೆ ನೋಡಿದರೆ ಎಲ್ಲ ಫ್ಯಾನುಗಳೂ ತಿರುಗುತ್ತಿದ್ದವು, ಆ ಮೂಲೆಯದೊಂದನ್ನು ಬಿಟ್ಟು. ಚಾಮಯ್ಯ ಹಾಕಿದ್ದ ಉದ್ದನೆಯ ಸೇವಂತಿಗೆ ಹಾರ ರೆಕ್ಕೆಗೆ ಸುತ್ತಿಕೊಂಡು, ಅದರ ಕತ್ತು ಬಿಗಿದು ನಿಲ್ಲಿಸಿತ್ತು.

“ಇಲ್ಲಿ ನಿಜವಾಗಿಯೂ ತೇವ ಇದೆ ನೀಲಮ್ಮೋರೆ,” ಎಂದೆ. “ಫ್ಯಾನಿಗೆ ಹಾರ ಸಿಕ್ಕಿಕೊಂಡಿದೆ. ನಾಳೆ ಬೆಳಗ್ಗೆವರೆಗೂ ಹೀಗೇ ಬಿಟ್ಟಿದ್ರೆ ಈ ತಟ್ಟೆಗಳೆಲ್ಲ ಬೂಷ್ಟು.”

ಅವರು ಕನ್ನಡಕ ಮೇಲೆತ್ತಿ ಮೂಲೆ ನೋಡಿದರು. ಇಳಿಸಿ ನೋಡಿದರು. ಮತ್ತೆ ಎತ್ತಿದರು.

“ಅಂದ್ರೆ... ನಾನು ಕಂಡುಹಿಡಿದೆ?”

“ನೀವೇ.”

“ಕುರ್ಚೀಲಿ ಕೂತು?”

“ಕೂತಿರ್ಲಿಲ್ಲ ಆಂಟಿ, ಕುಣೀತಿದ್ರಿ,” ಎಂದಳು ರಕ್ಷಿತಾ.

ಸುನಿಲ ಆ ಫ್ಯಾನು ಆರಿಸಿ, ಏಣಿ ಹತ್ತಿ ಹಾರ ಬಿಡಿಸಿದ. ನೀಲಮ್ಮನವರು ಎಲ್ಲರನ್ನೂ ಹಿಂದೆ ಸರಿಸಿ, ಕನ್ನಡಕ ಸರಿಯಾಗಿ ಕೂರಿಸಿಕೊಂಡು, ಗುಂಡಿ ಹಿಡಿದ ಕೈ ಎತ್ತಿ ಹಗ್ಗ ಎಳೆದರು. ತಲೆಯ ಮೇಲೆ ಫ್ಯಾನು ಗಕ್ಕನೆ ಅಲುಗಿ, ಗರಗರ ತಿರುಗಿತು. ಒಂದಿಷ್ಟು ಸೇವಂತಿಗೆ ಎಸಳು ಅವರ ಮೇಲೆಯೇ ಉದುರಿದವು. ಆ ಮೂಲೆಯ ಮಂಜು ತೆಳುವಾಗುವವರೆಗೆ ಅವರು ಅಲ್ಲಾಡಲಿಲ್ಲ. ನಾವು ಅವರ ಬಾಯನ್ನೇ ನೋಡುತ್ತಿದ್ದೆವು, ಕಣ್ಣು ಕಾಣುತ್ತಿರಲಿಲ್ಲವಲ್ಲ.

“ಇದನ್ನ ವಾಪಸ್ಸು ಕಳಿಸೋದು ಬೇಡ,” ಎಂದಿತು ಆ ಬಾಯಿ. “ವಸಂತಕ್ಕ, ಬೇರೆ ಯಾರನ್ನೂ ಇಟ್ಕೊಳ್ಳೋದೂ ಬೇಡ. ಒಂಟಿಕೊಪ್ಪಲಲ್ಲೇ ಕೂತ್ಕೊಂಡು ನೀವೇ ನೋಡ್ಕೊಳ್ಳಿ. ಮುಟ್ಟಿ ನೋಡೋದಿದ್ರೆ ಚಾಮಯ್ಯ ಮುಟ್ತಾನೆ. ಏನೋ ಚಾಮಯ್ಯ?”

“ಅವ್ವ ಏಳಿದಂಗೆ,” ಎಂದ ಅವನು. ಯಾವ ಅವ್ವ ಎಂದು ನಾವು ಕೇಳಲಿಲ್ಲ.

ನಾನು ಏನೋ ಹೇಳಲು ಹೋದೆ. ಮತ್ತೆ ಬಿಕ್ಕಳಿಕೆಯೇ ಬಂತು.

ಹೊತ್ತು ಇಳಿಯುವ ಮೊದಲು ಆಟೋ ಹತ್ತಿದೆವು. ಈಗ ನಡುವೆ ನೀಲಮ್ಮನವರು. ಕನ್ನಡಕ ಇನ್ನೂ ಅವರ ತಲೆಯ ಮೇಲೆಯೇ. “ಒಂದು ನಿಮಿಷ ತಾಳಿ, ಬಾಳಕ ನೋಡ್ಕೊಂಡು ಕೊಡ್ತೀನಿ,” ಎಂದರು ಏರ್‌ಪೋರ್ಟಿನ ಬಳಿ. ನಂಜನಗೂಡು ರಸ್ತೆಯ ಮೊದಲ ತಿರುವಿನಲ್ಲಿ, “ಅಯ್ಯಯ್ಯೋ, ಗೋಡೆ ತೂರಿ ಹೋದೆ!” ಎಂದು ಕಿರುಚಿ ನಕ್ಕರು. ಊರು ಬಂದಾಗ, ಯಾರೂ ಹೇಳದೆ ಇದ್ದರೂ, ತಾವೇ ಎರಡೂ ಕಡೆಗೆ ಕೈ ಬೀಸತೊಡಗಿದರು.

“ನೀಲಮ್ಮೋರೆ, ನನ್ನ ಕೆಲಸ ಅದು, ಕೊಡಿ,” ಎಂದೆ.

“ಕೊಡ್ತೀನಿ ಇರ್ರೀ! ಬೆಳಗ್ಗೆ ಹೊತ್ತು ನಿಮ್ದು. ಮಧ್ಯಾಹ್ನ ಊಟ ಆದ್ಮೇಲೆ ಒಂದು ಗಳಿಗೆ ನಂಗೆ. ಒಂದೇ ಗಳಿಗೆ,” ಎಂದು ಕೈ ಎತ್ತಿ ಇನ್ನೊಂದು ಹಗ್ಗ ಎಳೆದರು.

ಊಟದ ಮೇಲಿನ ಆ ಗಳಿಗೆ ಎಷ್ಟು ಉದ್ದವೆಂದು ನನಗೆ ಅಲ್ಲೇ ಗೊತ್ತಾಯಿತು. ಕನ್ನಡಕಕ್ಕಾಗಿ ಇನ್ನು ದಿನಾ ಜಗಳವಾಡಬೇಕು. ಆಡೋಣ, ಅದಕ್ಕೇನಂತೆ! ನನಗೆ ಬೆಳಗ್ಗೆಯೂ ಇದೆ, ಜಗಳವಾಡಲು ಮಧ್ಯಾಹ್ನವೂ ಇದೆ.